ಹಾಡಿನ ಮುಂದೆ ತಗ್ಗಿದ ಗಿಟಾರ್: ಜಾನಿ ಸ್ಮಿತ್ ನುಡಿಸಿದ ಜನಪ್ರಿಯ ಗೀತೆಗಳು

ಅಮೆರಿಕದ ಗಿಟಾರ್ ವಾದಕ ಜಾನಿ ಸ್ಮಿತ್ (1922–2013) ಸಂಗೀತದ ಚರಿತ್ರೆಯಲ್ಲಿ ಮುಖ್ಯವಾಗಿ ಎರಡು ಕೃತಿಗಳಿಂದ ನೆನಪಿನಲ್ಲಿದ್ದಾರೆ. ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಜ್ ಜೊತೆಗೂಡಿ 1952ರಲ್ಲಿ ಧ್ವನಿಮುದ್ರಿಸಿದ ‘ಮೂನ್‌ಲೈಟ್ ಇನ್ ವರ್ಮಾಂಟ್’ ಒಂದು. 1954ರಲ್ಲಿ ತಾವೇ ರಚಿಸಿದ ‘ವಾಕ್, ಡೋಂಟ್ ರನ್’ ಇನ್ನೊಂದು. ಮೊದಲನೆಯದು ಬೇರೆಯವರ ಹಾಡು, ಸ್ಮಿತ್ ಕೈಯಲ್ಲಿ ಹೊಸ ಜೀವ ಪಡೆದದ್ದು. ಎರಡನೆಯದು ಸ್ಮಿತ್ ಅವರದೇ ರಚನೆ, ಬೇರೆಯವರ ಕೈಯಲ್ಲಿ ಲೋಕಪ್ರಸಿದ್ಧವಾದದ್ದು. ಈ ಎರಡರ ನಡುವೆ ಇನ್ನೂ ದೊಡ್ಡದೊಂದು ಕೆಲಸವಿದೆ. ಎರಡು ದಶಕಗಳಿಗೂ ಮೀರಿದ ಅವಧಿಯಲ್ಲಿ ಸ್ಮಿತ್ ಅಮೆರಿಕದ ನಾಟಕ, ಸಿನಿಮಾ ಮತ್ತು ರೇಡಿಯೋಗಳ ಮೂಲಕ ಮನೆಮಾತಾಗಿದ್ದ ಗೀತೆಗಳನ್ನು ಒಂದೊಂದಾಗಿ ಗಿಟಾರಿಗೆ ಅಳವಡಿಸಿದರು. 1958ರಲ್ಲಿ, ಕೀರ್ತಿಯ ನಡುಹಗಲಿನಲ್ಲೇ, ನ್ಯೂಯಾರ್ಕ್ ತೊರೆದು ಕೊಲರಾಡೋ ರಾಜ್ಯದ ಕೊಲರಾಡೋ ಸ್ಪ್ರಿಂಗ್ಸ್ ಊರಿನಲ್ಲಿ ವಾದ್ಯಗಳ ಅಂಗಡಿ ತೆರೆದರು. ಊರು ಬಿಟ್ಟರೂ ಹಾಡುಗಳನ್ನು ಬಿಡಲಿಲ್ಲ. ಸ್ಮಿತ್ ಅವರ ಸಾಧನೆಯನ್ನು ಅಳೆಯಬೇಕಾದದ್ದು ಈ ಹಾಡುಗಳ ಮೇಲೆ ಅವರಿಗಿದ್ದ ಪ್ರೀತಿಯಿಂದ. ಅದು ಬರಿಯ ಹಳೆಯ ನೆನಪಿನ ಮೋಹವಾಗಿರಲಿಲ್ಲ. ಕೈಯ ಚಳಕವನ್ನೆಲ್ಲ ಹಾಡಿನ ಅಧೀನಕ್ಕೆ ತರುವ ಶಿಸ್ತಾಗಿತ್ತು.

ಸ್ಮಿತ್ ನುಡಿಸಿದ ಹಾಡುಗಳು ಹುಟ್ಟಿದ್ದು ಹೆಚ್ಚಾಗಿ 1920ರಿಂದ 1950ರವರೆಗಿನ ಮೂರು ದಶಕಗಳಲ್ಲಿ. ಜೆರೋಮ್ ಕರ್ನ್, ಜಾರ್ಜ್ ಗರ್ಶ್ವಿನ್, ರಿಚರ್ಡ್ ರಾಜರ್ಸ್, ಕೋಲ್ ಪೋರ್ಟರ್, ಹ್ಯಾರೊಲ್ಡ್ ಆರ್ಲೆನ್, ಹೋಗಿ ಕಾರ್ಮೈಕಲ್, ಡ್ಯೂಕ್ ಎಲಿಂಗ್ಟನ್ ಮೊದಲಾದವರು ಇವುಗಳ ಕರ್ತೃಗಳು. ಬ್ರಾಡ್‌ವೇ ರಂಗಭೂಮಿಗೋ ಹಾಲಿವುಡ್ ಚಿತ್ರಕ್ಕೋ ಬರೆದ ಈ ಗೀತೆಗಳು ಆ ನಾಟಕ, ಆ ಚಿತ್ರ ಮರೆತುಹೋದ ಮೇಲೂ ಗಾಯಕರ ಬಾಯಲ್ಲಿ, ವಾದಕರ ಕೈಯಲ್ಲಿ ಉಳಿದುಕೊಂಡವು. ಇವುಗಳ ರಚನೆ ಸರಳವಾದದ್ದು. ಸಾಮಾನ್ಯವಾಗಿ ಮೂವತ್ತೆರಡು ಆವರ್ತಗಳ ಹಾಡು, ಎಂಟೆಂಟು ಆವರ್ತಗಳ ನಾಲ್ಕು ಭಾಗ. ಮೊದಲ ಎರಡು ಭಾಗಗಳಲ್ಲಿ ಒಂದೇ ಧಾಟಿ, ಮೂರನೆಯದರಲ್ಲಿ ಬೇರೆ ದಾರಿ, ನಾಲ್ಕನೆಯದರಲ್ಲಿ ಮರಳಿ ಮೊದಲ ಧಾಟಿ. ಈ ಪುಟ್ಟ ಚೌಕಟ್ಟಿನೊಳಗೆ ರಾಗದ ಏರಿಳಿತ ಮತ್ತು ಅದರ ಕೆಳಗೆ ಚಲಿಸುವ ಸ್ವರಮೇಳ, ಅಂದರೆ ಕಾರ್ಡುಗಳು, ಎಷ್ಟು ಸೂಕ್ಷ್ಮವಾಗಿ ಹೆಣೆದುಕೊಳ್ಳಬಲ್ಲವು ಎಂಬುದೇ ಈ ಗೀತೆಗಳ ಕಲೆ. ಸಂಯೋಜಕರೂ ಆಗಿದ್ದ ಅಲೆಕ್ ವೈಲ್ಡರ್ 1972ರಲ್ಲಿ ಇವುಗಳನ್ನು ಸ್ವರಸ್ವರವಾಗಿ ಪರಿಶೀಲಿಸುವ ‘ಅಮೆರಿಕನ್ ಪಾಪ್ಯುಲರ್ ಸಾಂಗ್’ ಎಂಬ ದೊಡ್ಡ ಗ್ರಂಥ ಬರೆದ ಮೇಲೆ ಇವಕ್ಕೆ ಗಂಭೀರ ಅಧ್ಯಯನದ ಗೌರವ ಬಂತು. ವೈಲ್ಡರ್ ಅವರದೇ ಹಾಡು ‘ಐಲ್ ಬಿ ಅರೌಂಡ್’ (1942) ಆ ಗ್ರಂಥ ಬರುವುದಕ್ಕೆ ಬಹಳ ಮುಂಚೆಯೇ ಸ್ಮಿತ್ ಅವರ ಧ್ವನಿಮುದ್ರಿಕೆಯಲ್ಲಿ ಸೇರಿತ್ತು. ಪಂಡಿತರು ಮಾನ್ಯ ಮಾಡುವ ಮೊದಲೇ ವಾದಕರು ಈ ಗೀತೆಗಳ ಬೆಲೆ ಅರಿತಿದ್ದರು ಎಂಬುದಕ್ಕೆ ಇಷ್ಟು ಸಾಕು.

ಜಾಝ್ ವಾದಕರು ಈ ಹಾಡುಗಳನ್ನು ಬಳಸಿಕೊಂಡ ಬಗೆ ಎರಡು. 1940ರ ದಶಕದಲ್ಲಿ ಬೆಬಾಪ್ ಎಂಬ ಹೊಸ ಶೈಲಿ ಕಟ್ಟಿದ ತಲೆಮಾರಿಗೆ ಹಾಡು ಒಂದು ನೆಪವಾಗಿತ್ತು. ಅದರ ಕಾರ್ಡುಗಳ ಓಟವನ್ನು ಮಾತ್ರ ಇಟ್ಟುಕೊಂಡು, ಮೂಲ ಧಾಟಿಯನ್ನು ತೆಗೆದುಹಾಕಿ, ಅದೇ ತಳಹದಿಯ ಮೇಲೆ ಹೊಸ ರಚನೆ ಮಾಡುವುದು ವಾಡಿಕೆ. ‘ಹೌ ಹೈ ದ ಮೂನ್’ ಹಾಡಿನ ಕಾರ್ಡುಗಳ ಮೇಲೆ ಕಟ್ಟಿದ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ನುಡಿಸಿ ಪ್ರಸಿದ್ಧವಾದ ‘ಆರ್ನಿಥಾಲಜಿ’ ಇದಕ್ಕೆ ಹೆಸರಾಂತ ನಿದರ್ಶನ. ಇನ್ನೊಂದು ಬಗೆಯಲ್ಲಿ ಹಾಡಿನ ಧಾಟಿಯೇ ಗುರಿ. ವಾದಕನ ಮನೋಧರ್ಮ ಅದರ ಸುತ್ತಲೇ ಸುತ್ತುತ್ತದೆ, ಅದನ್ನು ಬಿಟ್ಟು ದೂರ ಹೋಗುವುದಿಲ್ಲ. ಬೆಬಾಪಿನ ವೇಗ, ಅದರ ಸಂಕೀರ್ಣ ಸ್ವರಗಳು ಸ್ಮಿತ್ ಅವರಿಗೆ ಚೆನ್ನಾಗಿ ಒಲಿದಿದ್ದವು. ಆದರೂ ಅವರು ಆರಿಸಿಕೊಂಡದ್ದು ಎರಡನೆಯ ದಾರಿ. ಒಂದರ ಕೌಶಲವನ್ನು ಇನ್ನೊಂದರ ಸೇವೆಗೆ ಹಚ್ಚಿದ್ದು ಅವರ ವೈಶಿಷ್ಟ್ಯ.

ಈ ಆಯ್ಕೆಯ ಬೇರು ಅವರ ಕಲಿಕೆಯಲ್ಲಿದೆ. ಸ್ಮಿತ್ ಹುಟ್ಟಿದ್ದು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ, 1922ರ ಜೂನ್ 25ರಂದು. ತಂದೆ ಐದು ತಂತಿಯ ಬ್ಯಾಂಜೊ ನುಡಿಸುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕುಟುಂಬ ಊರಿಂದೂರಿಗೆ ಅಲೆದು ಕೊನೆಗೆ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸೇರಿತು. ಕೊಳ್ಳಲು ಹಣವಿಲ್ಲದ ಹುಡುಗ ಗಿರವಿ ಅಂಗಡಿಗಳಿಗೆ ಹೋಗಿ, ಅಲ್ಲಿದ್ದ ಗಿಟಾರುಗಳನ್ನು ಶ್ರುತಿ ಮಾಡಿಕೊಡುವ ಷರತ್ತಿನ ಮೇಲೆ ಅವನ್ನು ನುಡಿಸುವ ಅವಕಾಶ ಪಡೆದ. ಹದಿಮೂರನೆಯ ವಯಸ್ಸಿಗೆ ಬೇರೆಯವರಿಗೆ ಕಲಿಸತೊಡಗಿದ್ದ. ಹಳ್ಳಿಗಾಡಿನ ಹಾಡುಗಳ ತಂಡವೊಂದರ ಜೊತೆ ಮೇನ್ ರಾಜ್ಯದ ಜಾತ್ರೆ, ನೃತ್ಯಕೂಟಗಳಲ್ಲಿ ನುಡಿಸುತ್ತ ಶಾಲೆ ಬಿಟ್ಟ. ಜಾಝ್ ಪರಿಚಯವಾದದ್ದು ರೇಡಿಯೋದಿಂದ. ಗುರುವಿಲ್ಲದ, ಲಿಪಿಯಿಲ್ಲದ ಈ ಮೊದಲ ಹಂತದಲ್ಲಿ ಕಿವಿಯೊಂದೇ ಆಧಾರ. ಕೇಳಿದ ಧಾಟಿ ಕೈಯಲ್ಲಿ ಹಾಗೆಯೇ ಬರಬೇಕು ಎಂಬ ಹಟ ಅಲ್ಲಿಂದಲೇ ಬಂದಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಮಿತ್ ವಾಯುಪಡೆಯ ಪೈಲಟ್ ಆಗಬಯಸಿದರು. ಎಡಗಣ್ಣಿನ ದೃಷ್ಟಿದೋಷ ಅಡ್ಡಬಂತು. ಸೇನೆಯ ವಾದ್ಯತಂಡವೋ ಯಂತ್ರ ದುರಸ್ತಿಯ ಶಾಲೆಯೋ ಎಂಬ ಆಯ್ಕೆ ಎದುರಾದಾಗ ವಾದ್ಯತಂಡವನ್ನು ಆರಿಸಿಕೊಂಡರು. ಅಲ್ಲಿ ಗಿಟಾರಿಗೆ ಜಾಗವಿರಲಿಲ್ಲ. ಕೈಗೆ ಸಿಕ್ಕಿದ್ದು ಕಾರ್ನೆಟ್ ಎಂಬ ಊದುವ ವಾದ್ಯ, ಅದರ ಪಾಠಪುಸ್ತಕ, ಮತ್ತು ಸ್ವರಲಿಪಿ ಓದುವುದೂ ಸೇರಿದಂತೆ ತಂಡದ ಮಟ್ಟ ತಲುಪಲು ಎರಡು ವಾರದ ಗಡುವು. ಆ ಗಡುವಿನೊಳಗೆ ಕಲಿತ ಲಿಪಿಜ್ಞಾನ ಮುಂದೆ ಅವರ ಬದುಕನ್ನೇ ತಿರುಗಿಸಿತು. 1946ರಲ್ಲಿ ನ್ಯೂಯಾರ್ಕಿನ ಎನ್‌ಬಿಸಿ ಪ್ರಸಾರ ಸಂಸ್ಥೆಯ ಸಿಬ್ಬಂದಿ ವಾದಕರಾಗಿ ಸೇರಿ, ಮುಂದೆ ಇಟ್ಟ ಯಾವ ಲಿಪಿಯನ್ನಾದರೂ ತಕ್ಷಣ ನುಡಿಸಬಲ್ಲವರೆಂದು ಹೆಸರಾದರು. ಡಿಮಿಟ್ರಿ ಮಿಟ್ರೊಪೌಲಸ್ ನಿರ್ದೇಶನದಲ್ಲಿ ಸಂಯೋಜಕ ಆರ್ನಾಲ್ಡ್ ಶೋನ್‌ಬರ್ಗ್ ಅವರ ‘ಸೆರನೇಡ್’ ಕೃತಿಯ ಕ್ಲಿಷ್ಟವಾದ ಗಿಟಾರ್ ಭಾಗ ನುಡಿಸಿದ್ದು ಇದೇ ಕಾಲದಲ್ಲಿ. ಹಳ್ಳಿಯ ನೃತ್ಯಕೂಟದಿಂದ ಶೋನ್‌ಬರ್ಗ್‌ವರೆಗಿನ ಈ ವ್ಯಾಪ್ತಿಯಿದ್ದ ವಾದಕ ಪ್ರತಿ ಸಲ ಮರಳಿ ಬಂದದ್ದು ಮೂರು ನಿಮಿಷದ ಜನಪ್ರಿಯ ಗೀತೆಗೆ. ಬೇರೇನೂ ನುಡಿಸಲು ಬಾರದೆ ಅಲ್ಲಿಗೆ ಬಂದವರಲ್ಲ. ಎಲ್ಲವನ್ನೂ ಬಲ್ಲ ಮೇಲೆ ಮಾಡಿಕೊಂಡ ಆಯ್ಕೆ ಅದು.

ಸ್ಮಿತ್ ವಾದನದ ಹೊಸತನ ಅರ್ಥವಾಗಬೇಕಾದರೆ ಗಿಟಾರಿನ ಒಂದು ಸಹಜ ಮಿತಿಯನ್ನು ತಿಳಿಯಬೇಕು. ಪಿಯಾನೊದಲ್ಲಿ ಒಂದೇ ಕೈಯ ಬೆರಳುಗಳಿಂದ ನಾಲ್ಕು ಸ್ವರಗಳನ್ನು ಒಂದೇ ಸ್ಥಾಯಿಯೊಳಗೆ ಒತ್ತೊತ್ತಾಗಿ ನುಡಿಸಬಹುದು. ಗಿಟಾರಿನಲ್ಲಿ ಒಂದು ತಂತಿಯಿಂದ ಒಂದು ಸ್ವರ ಮಾತ್ರ ಹೊರಡುತ್ತದೆ. ಆರು ತಂತಿಗಳ ನಡುವಿನ ಅಂತರಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಷಡ್ಜದಿಂದ ಶುದ್ಧ ಮಧ್ಯಮದಷ್ಟು ದೂರದವು. ಹೀಗಾಗಿ ಅರ್ಧಸ್ವರದ ಅಂತರವಿರುವ ಎರಡು ಸ್ವರಗಳನ್ನು ಪಕ್ಕಪಕ್ಕದ ತಂತಿಗಳಲ್ಲಿ ಒಟ್ಟಿಗೆ ನುಡಿಸಬೇಕಾದರೆ ಎರಡು ಬೆರಳುಗಳ ನಡುವೆ ನಾಲ್ಕು ಮೆಟ್ಟಿಲುಗಳ, ಅಂದರೆ ಫ್ರೆಟ್‌ಗಳ ಚಾಚು ಬೇಕು. ಬಹುಪಾಲು ವಾದಕರು ಇದನ್ನು ತಪ್ಪಿಸಲು ಕಾರ್ಡಿನ ಸ್ವರಗಳನ್ನು ಎರಡು ಸ್ಥಾಯಿಗಳಿಗೆ ಹರಡಿ ಹಿಡಿಯುತ್ತಾರೆ. ಸ್ಮಿತ್ ಹರಡಲಿಲ್ಲ. ಪಿಯಾನೊದ ಹಾಗೆ ಒತ್ತಾಗಿಯೇ ಹಿಡಿದರು. ಹಾಡಿನ ಧಾಟಿಯನ್ನು ಮೇಲಿನ ತಂತಿಯಲ್ಲಿ ಇಟ್ಟು, ಅದರ ಪ್ರತಿ ಸ್ವರದ ಕೆಳಗೂ ಇಂಥ ಒತ್ತು ಕಾರ್ಡನ್ನು ಹೊಂದಿಸುವುದು ಅವರ ಪದ್ಧತಿಯಾಯಿತು.

ಹಿಡಿಯುವುದಕ್ಕಿಂತ ಕಠಿಣವಾದದ್ದು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ನಾದ ಕಡಿಯದಂತೆ ನೋಡಿಕೊಳ್ಳುವುದು. ಗಿಟಾರ್ ಮೀಟುವ ವಾದ್ಯ. ಮೀಟಿದ ಕ್ಷಣದಿಂದಲೇ ನಾದ ಕ್ಷೀಣಿಸುತ್ತದೆ, ಬೆರಳೆತ್ತಿದರೆ ನಿಂತೇಹೋಗುತ್ತದೆ. ಸ್ಮಿತ್ ಎರಡು ಕಾರ್ಡುಗಳಿಗೆ ಸಮಾನವಾದ ಸ್ವರದ ಮೇಲಿನ ಬೆರಳನ್ನು ಹಾಗೆಯೇ ಇಟ್ಟುಕೊಂಡು ಉಳಿದ ಬೆರಳುಗಳನ್ನಷ್ಟೇ ಸರಿಸುತ್ತಿದ್ದರು. ಇದರಿಂದ ಒಳಗಿನ ಸ್ವರಗಳು ತಮ್ಮದೇ ದಾರಿಯಲ್ಲಿ ಮೆಲ್ಲನೆ ಚಲಿಸುವುದು ಕೇಳಿಸುತ್ತದೆ. ಧಾಟಿ ಉಸಿರು ಕಟ್ಟದೆ ಸಾಗುತ್ತದೆ. ವೀಣೆಯಲ್ಲಿ ಕೃತಿ ನುಡಿಸುವ ವೈಣಿಕರು ಸಾಹಿತ್ಯದ ಅಕ್ಷರಗಳು ಬೀಳುವ ಕಡೆ ಮೀಟು ಹಾಕಿ, ಮಾತು ಕೇಳಿಸದಿದ್ದರೂ ಹಾಡು ಕೇಳಿಸುವಂತೆ ಮಾಡುತ್ತಾರೆ. ಹಿಂದೂಸ್ತಾನಿ ವಾದಕರು ಇದನ್ನೇ ಗಾಯಕೀ ಅಂಗವೆಂದು ಕರೆಯುತ್ತಾರೆ. ಸ್ಮಿತ್ ವಾದನ ಬೇರೊಂದು ಸಂಗೀತ ಪದ್ಧತಿಯದಾದರೂ ಅದರ ಆದರ್ಶ ಇದಕ್ಕೆ ಹತ್ತಿರದ್ದು. ಗೀತೆಯನ್ನು ಬಲ್ಲ ಕೇಳುಗನಿಗೆ ಅವರ ಗಿಟಾರಿನಲ್ಲಿ ಪದಗಳ ನಿಲುಗಡೆಗಳೂ ಗುರುತಿಗೆ ಸಿಗುತ್ತವೆ.

ವಾದ್ಯದ ವ್ಯಾಪ್ತಿಯನ್ನು ಹಿಗ್ಗಿಸಲು ಅವರು ಅತಿ ಮಂದ್ರದ ತಂತಿಯನ್ನು ಒಂದು ಪೂರ್ಣ ಸ್ವರದಷ್ಟು ಇಳಿಸಿ ಶ್ರುತಿ ಮಾಡುತ್ತಿದ್ದರು. ಒತ್ತು ಕಾರ್ಡುಗಳ ಕೆಳಗೆ ಇದರಿಂದ ಗಂಭೀರವಾದ ತಳಸ್ವರ ದೊರೆಯಿತು. ಮಂದ್ರದಿಂದ ಹೊರಟು ಮೂರು ಸ್ಥಾಯಿಗಳನ್ನು ಒಂದೇ ಉಸಿರಿನಲ್ಲಿ ಏರುವ ಸ್ವರಗುಚ್ಛ ಅವರ ಇನ್ನೊಂದು ಗುರುತು. ಸಾಮಾನ್ಯವಾಗಿ ಇಂಥ ಓಟ ವಾದಕನ ಪ್ರದರ್ಶನವಾಗುತ್ತದೆ. ಸ್ಮಿತ್ ಅದನ್ನು ಹಾಡಿನ ಒಂದು ಸಾಲು ಮುಗಿದು ಮುಂದಿನದು ಶುರುವಾಗುವ ಬಿಡುವಿನಲ್ಲಿ ಇಡುತ್ತಾರೆ. ಓಟ ಮುಗಿಯುವಷ್ಟರಲ್ಲಿ ಧಾಟಿಯ ಮುಂದಿನ ಸ್ವರ ಸರಿಯಾದ ಜಾಗದಲ್ಲಿ ಸಿದ್ಧವಾಗಿರುತ್ತದೆ.

ಈ ನಾದಕ್ಕೆ ತಕ್ಕ ವಾದ್ಯವೂ ಬೇಕಾಗಿತ್ತು. ನ್ಯೂಯಾರ್ಕಿನ ಹೆಸರಾಂತ ಗಿಟಾರ್ ತಯಾರಕ ಜಾನ್ ಡಿಆಂಜೆಲಿಕೊ ಅವರ ಕೈಯ ಗಿಟಾರುಗಳನ್ನು ಸ್ಮಿತ್ ನುಡಿಸಿದರು. 1961ರಲ್ಲಿ ಗಿಬ್ಸನ್ ಕಂಪನಿ ಅವರ ಹೆಸರಿನದೇ ಮಾದರಿಯನ್ನು ಹೊರತಂದಿತು. ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪನ್ನು ಸಾಮಾನ್ಯವಾಗಿ ಮೇಲ್ಹಲಗೆ ಕೊರೆದು ಕೂಡಿಸುತ್ತಾರೆ. ಈ ಮಾದರಿಯಲ್ಲಿ ಅದನ್ನು ಹಲಗೆಗೆ ತಾಗದಂತೆ ತೇಲುವ ಹಾಗೆ ಕೂಡಿಸಲಾಗಿದೆ. ಮರ ಅಡೆತಡೆಯಿಲ್ಲದೆ ಕಂಪಿಸುತ್ತದೆ. ವಿದ್ಯುತ್ತಿನಿಂದ ದನಿ ದೊಡ್ಡದಾದರೂ ಮರದ ಗುಣ ಉಳಿಯುತ್ತದೆ. ಗಿಟಾರ್ ಸಂಗೀತವನ್ನು ಬರೆಯುವ ಬಗೆಯಲ್ಲೂ ಸ್ಮಿತ್ ಅವರದು ಸ್ವಂತ ನಿಲುವು. ಗಿಟಾರಿನ ಲಿಪಿಯನ್ನು ನಿಜವಾದ ನಾದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆಯುವುದು ರೂಢಿ. ಮೆಲ್ ಬೇ ಪ್ರಕಾಶನದ ಮೂಲಕ ಬಂದ ತಮ್ಮ ಪಾಠಗ್ರಂಥದಲ್ಲಿ ಅವರು ಪಿಯಾನೊದ ಲಿಪಿಯಂತೆ ಎರಡು ಸಾಲುಗಳಲ್ಲಿ, ನಿಜವಾದ ಸ್ಥಾಯಿಯಲ್ಲೇ ಬರೆಯುವ ಕ್ರಮವನ್ನು ಅನುಸರಿಸಿದರು. ಗಿಟಾರ್ ಪೂರ್ಣ ವಾದ್ಯ, ಸಂಗೀತ ಲೋಕದ ಉಳಿದವರ ಭಾಷೆಯನ್ನೇ ಅದೂ ಆಡಬೇಕು ಎಂಬ ನಿಲುವು ಇದರ ಹಿಂದಿತ್ತು.

ಇಷ್ಟೆಲ್ಲ ಸಿದ್ಧತೆ ಮೊದಲ ಬಾರಿಗೆ ಒಂದೆಡೆ ಕೂಡಿದ್ದು ‘ಮೂನ್‌ಲೈಟ್ ಇನ್ ವರ್ಮಾಂಟ್’ನಲ್ಲಿ. ಕಾರ್ಲ್ ಸ್ಯೂಸ್‌ಡಾರ್ಫ್ ಸಂಗೀತ ಮತ್ತು ಜಾನ್ ಬ್ಲ್ಯಾಕ್‌ಬರ್ನ್ ಸಾಹಿತ್ಯದ ಈ ಹಾಡು 1944ರದು. ಮಾರ್ಗರೆಟ್ ವೈಟಿಂಗ್ ಹಾಡಿ ಜನಪ್ರಿಯಗೊಳಿಸಿದ್ದರು. ಹಾಡಿನ ರಚನೆಯೇ ವಿಲಕ್ಷಣ. ಸಾಹಿತ್ಯದಲ್ಲಿ ಪ್ರಾಸವಿಲ್ಲ. ಮುಖ್ಯ ನುಡಿಗಳು ಜಪಾನಿನ ಹೈಕುವಿನ ಹಾಗೆ ಐದು, ಏಳು, ಐದು ಅಕ್ಷರಗಳ ಅಳತೆಯಲ್ಲಿವೆ. ಧಾಟಿಯ ಮುಖ್ಯ ಭಾಗಕ್ಕೆ ರೂಢಿಯ ಎಂಟು ಆವರ್ತಗಳ ಬದಲು ಆರೇ ಆವರ್ತಗಳು. ಕತೆಯಿಲ್ಲ, ವಿರಹವಿಲ್ಲ. ಒಂದು ನಾಡಿನ ಋತುಗಳ ಚಿತ್ರಗಳಷ್ಟೇ ಇವೆ. ಇಂಥ ಹಾಡಿಗೆ ಭಾವೋದ್ರೇಕದ ವಾದನ ಒಗ್ಗುವುದಿಲ್ಲ, ಚಿತ್ರವನ್ನು ಸ್ಪಷ್ಟವಾಗಿ ಹಿಡಿಯುವ ಕೈ ಬೇಕು.

1952ರ ಮಾರ್ಚ್‌ನಲ್ಲಿ ರೂಸ್ಟ್ ಕಂಪನಿಗಾಗಿ ನಡೆದ ಧ್ವನಿಮುದ್ರಣದಲ್ಲಿ ಸ್ಮಿತ್ ಮತ್ತು ಗೆಟ್ಜ್ ಜೊತೆ ಪಿಯಾನೊದಲ್ಲಿ ಸ್ಯಾನ್‌ಫರ್ಡ್ ಗೋಲ್ಡ್, ಬೇಸ್‌ನಲ್ಲಿ ಎಡ್ಡಿ ಸಫ್ರಾನ್‌ಸ್ಕಿ, ಡ್ರಮ್ಸ್‌ನಲ್ಲಿ ಡಾನ್ ಲ್ಯಾಮಂಡ್ ಇದ್ದರು. ಧಾಟಿಯನ್ನು ಎತ್ತಿಕೊಳ್ಳುವುದು ಗಿಟಾರ್. ವಿಲಂಬ ಗತಿಯಲ್ಲಿ ಒತ್ತು ಕಾರ್ಡುಗಳು ಒಂದರೊಳಗೊಂದು ಕರಗುತ್ತ ಸಾಗುತ್ತವೆ. ಗೆಟ್ಜ್ ಅವರ ಸ್ಯಾಕ್ಸೊಫೋನ್ ಅದರ ಹಿಂದೆ ಉಸಿರಿನಷ್ಟೇ ಮೆದುವಾಗಿ ನಿಲ್ಲುತ್ತದೆ. ಇಬ್ಬರೂ ವೇಗದ ವಾದನದಲ್ಲಿ ನುರಿತವರು. ಇಲ್ಲಿ ಇಬ್ಬರೂ ತಡೆದುಕೊಂಡಿದ್ದಾರೆ. ಸ್ಮಿತ್ ಒಂದೆರಡು ಕಡೆ ಮೇಲೇರುವ ಸ್ವರಗುಚ್ಛಗಳನ್ನು ಹರಿಯಬಿಟ್ಟರೂ ಧಾಟಿಯ ಗತಿ ಕದಡುವುದಿಲ್ಲ. ಮೂರು ನಿಮಿಷದ ಆಸುಪಾಸಿನ ಈ ಮುದ್ರಿಕೆ ಆ ವರ್ಷದ ಅತಿ ಜನಪ್ರಿಯ ಜಾಝ್ ಮುದ್ರಿಕೆಗಳಲ್ಲಿ ಒಂದಾಯಿತು. ಗಿಟಾರ್ ವಾದಕರಿಗೆ ಅದು ಪಾಠವಾಯಿತು, ಸಾಮಾನ್ಯ ಕೇಳುಗರಿಗೆ ಹಾಡೇ ಆಗಿ ಉಳಿಯಿತು. ವಾದ್ಯಸಂಗೀತದಲ್ಲಿ ಈ ಎರಡೂ ಒಟ್ಟಿಗೆ ಸಾಧ್ಯವಾಗುವುದು ಅಪರೂಪ.

ಇದೇ ಹೆಸರಿನ ಸಂಗ್ರಹದಲ್ಲಿ ಆ ಅವಧಿಯ ಹಲವು ಮುದ್ರಿಕೆಗಳು ಸೇರಿವೆ. ಗೆಟ್ಜ್ ಅಲ್ಲದೆ ಜೂಟ್ ಸಿಮ್ಸ್, ಪಾಲ್ ಕ್ವಿನಿಶೆಟ್ ಸ್ಯಾಕ್ಸೊಫೋನ್ ನುಡಿಸಿದ್ದಾರೆ. ‘ವೇರ್ ಆರ್ ವೆನ್’ ರಾಜರ್ಸ್ ಮತ್ತು ಹಾರ್ಟ್ ಜೋಡಿಯ 1937ರ ನಾಟಕದ್ದು. ‘ಸ್ಟಾರ್ಸ್ ಫೆಲ್ ಆನ್ ಅಲಬಾಮಾ’ 1934ರದು. ‘ಟೆಂಡರ್ಲಿ’ 1946ರದು. ‘ವಿಲಿಯಾ’ ಇನ್ನೂ ಹಳೆಯದು, ಫ್ರಾಂಜ್ ಲೆಹಾರ್ ಅವರ 1905ರ ಆಪರೆಟ್ಟಾದ ಗೀತೆ. ವಿಯೆನ್ನಾದ ರಂಗಗೀತೆ, ಬ್ರಾಡ್‌ವೇ ಹಾಡು, ನೃತ್ಯಕೂಟದ ಧಾಟಿ ಎಂಬ ಮೇಲುಕೀಳು ಇಲ್ಲಿಲ್ಲ. ಧಾಟಿ ಚೆನ್ನಾಗಿದೆಯೇ ಎಂಬುದೊಂದೇ ಪ್ರಶ್ನೆ. ನಿಧಾನದ ಹಾಡುಗಳ ನಡುವೆ ‘ಜಾಗ್ವಾರ್’ನಂಥ ವೇಗದ ತುಣುಕುಗಳೂ ಇವೆ. ಸ್ಯಾಕ್ಸೊಫೋನ್ ಮತ್ತು ಗಿಟಾರ್ ಒಂದೇ ಸ್ವರಮಾಲೆಯನ್ನು ಜೋಡಿಯಾಗಿ, ಕೂದಲೆಳೆಯ ವ್ಯತ್ಯಾಸವಿಲ್ಲದೆ ನುಡಿಸುತ್ತವೆ. ವೇಗ ಬೇಕೆಂದಾಗ ಎಷ್ಟು ಸಲೀಸಾಗಿ ಬರುತ್ತಿತ್ತೆಂಬುದಕ್ಕೆ ಈ ತುಣುಕುಗಳೇ ಸಾಕ್ಷಿ. ನಿಧಾನದ ಹಾಡುಗಳಲ್ಲಿನ ಸಂಯಮದ ಬೆಲೆ ಇವುಗಳ ಪಕ್ಕದಲ್ಲಿಟ್ಟು ನೋಡಿದಾಗ ಹೆಚ್ಚುತ್ತದೆ.

‘ವಾಕ್, ಡೋಂಟ್ ರನ್’ ಹುಟ್ಟಿದ್ದೂ ಹಳೆಯ ಹಾಡಿನಿಂದಲೇ. ಸಿಗ್ಮಂಡ್ ರಾಂಬರ್ಗ್ ಅವರ 1928ರ ‘ಸಾಫ್ಟ್‌ಲಿ, ಆ್ಯಸ್ ಇನ್ ಎ ಮಾರ್ನಿಂಗ್ ಸನ್‌ರೈಸ್’ ಹಾಡಿನ ಕಾರ್ಡುಗಳ ಮೇಲೆ ಸ್ಮಿತ್ ಇದನ್ನು ಹೆಣೆದರು. ಬೆಬಾಪಿನ ವಿಧಾನವೇ ಇದು. ಆದರೆ ಫಲ ಬೇರೆ. ಬೆಬಾಪ್ ರಚನೆಗಳು ಮೂಲ ಧಾಟಿಗಿಂತ ಜಟಿಲವಾಗುತ್ತವೆ, ಸ್ಮಿತ್ ರಚನೆ ಮೂಲದಷ್ಟೇ ಗುನುಗಲು ಬರುವಂಥದ್ದು. ಮೂಲಕ್ಕೆ ಪ್ರತಿಧಾಟಿಯಾಗಿ ಹೆಣೆದದ್ದರಿಂದ ಅದಕ್ಕೆ ತನ್ನದೇ ನಡಿಗೆಯಿದೆ. 1957ರಲ್ಲಿ ಗಿಟಾರ್ ವಾದಕ ಚೆಟ್ ಆ್ಯಟ್‌ಕಿನ್ಸ್ ಅದನ್ನು ಬೆರಳುಗಳಿಂದ ಮೀಟುವ ತಮ್ಮ ಶೈಲಿಗೆ ತಂದರು. ಅದನ್ನು ಕೇಳಿದ ವಾಷಿಂಗ್ಟನ್ ರಾಜ್ಯದ ಟಕೋಮಾದ ‘ದ ವೆಂಚರ್ಸ್’ ತಂಡ ಇನ್ನೂ ಸರಳಗೊಳಿಸಿ ರಾಕ್ ಲಯಕ್ಕೆ ಕೂರಿಸಿತು. 1960ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದೇ ತಂಡದ 1964ರ ಹೊಸ ರೂಪ ಎಂಟನೆಯ ಸ್ಥಾನ ಪಡೆಯಿತು. ಗಿಟಾರ್ ಹಿಡಿದ ಒಂದು ತಲೆಮಾರಿನ ಹುಡುಗರು ಈ ಧಾಟಿಯಿಂದಲೇ ಕಲಿಕೆ ಶುರುಮಾಡಿದರು. ಮೂರು ರೂಪಗಳನ್ನು ಹೋಲಿಸಿದರೆ ಸ್ಮಿತ್ ಅವರದು ಒಳಸ್ವರಗಳ ದೃಷ್ಟಿಯಿಂದ ಸಮೃದ್ಧ, ವೆಂಚರ್ಸ್ ಅವರದು ಚೈತನ್ಯದ ದೃಷ್ಟಿಯಿಂದ ಮಿಗಿಲು. ಇಷ್ಟು ದೂರ ಸಾಗಿಯೂ ಧಾಟಿ ತನ್ನ ಗುರುತನ್ನು ಕಳೆದುಕೊಳ್ಳಲಿಲ್ಲ ಎಂಬುದು ಅದರ ಗಟ್ಟಿತನಕ್ಕೆ ಪ್ರಮಾಣ. ಒಳ್ಳೆಯ ಹಾಡುಗಳ ನಡುವೆ ದಶಕಗಟ್ಟಲೆ ಬಾಳಿದವರಿಗೆ ಮಾತ್ರ ಒಲಿಯುವ ಗುಣ ಇದು.

ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಹೆಸರುಗಳಿಸಿ, ರೂಸ್ಟ್ ಕಂಪನಿಗೆ ಒಂದರ ಮೇಲೊಂದು ಸಂಗ್ರಹ ಕೊಡುತ್ತಿದ್ದ ಕಾಲದಲ್ಲೇ, 1957ರಲ್ಲಿ, ಸ್ಮಿತ್ ಅವರ ಪತ್ನಿ ತೀರಿಕೊಂಡರು. ಪುಟ್ಟ ಮಗಳನ್ನು ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿದ್ದ ತಮ್ಮ ತಾಯಿಯ ಬಳಿ ಬಿಟ್ಟಿದ್ದ ಅವರು ಮರುವರ್ಷ ತಾವೂ ಅಲ್ಲಿಗೆ ಹೋಗಿ ನೆಲೆಸಿದರು. ವಾದ್ಯಗಳ ಅಂಗಡಿ, ಗಿಟಾರ್ ಪಾಠ, ಮಗಳ ಪಾಲನೆ, ಊರಿನ ಕ್ಲಬ್ಬುಗಳಲ್ಲಿ ಆಗೀಗ ವಾದನ, ಮೀನು ಹಿಡಿಯುವುದು, ವಿಮಾನ ಹಾರಿಸುವುದು ಅವರ ದಿನಚರಿಯಾಯಿತು. ಅದೇ 1958ರಲ್ಲಿ ಇನ್ನೊಬ್ಬ ಶ್ರೇಷ್ಠ ಗಿಟಾರ್ ವಾದಕ ಟಾಲ್ ಫಾರ್ಲೊ ನ್ಯೂಜೆರ್ಸಿಯ ಸೀ ಬ್ರೈಟ್ ಊರಿನಲ್ಲಿ ನೆಲೆಸಿ ಫಲಕ ಬರೆಯುವ ಕಸುಬಿಗೆ ಮರಳಿದ್ದರು. ರಾತ್ರಿಯೆಲ್ಲ ಕ್ಲಬ್ಬು, ಹಗಲೆಲ್ಲ ಪ್ರಯಾಣದ ಜಾಝ್ ಬದುಕು ಪ್ರತಿಭಾವಂತರನ್ನು ಎಷ್ಟು ದಣಿಸುತ್ತಿತ್ತು ಎಂಬುದು ಈ ಎರಡು ನಿರ್ಗಮನಗಳಿಂದ ತಿಳಿಯುತ್ತದೆ. ಸ್ಮಿತ್ ಮಟ್ಟಿಗೆ ನಿವೃತ್ತಿಯೆಂದರೆ ವೃತ್ತಿಯ ಓಟದಿಂದ ಮಾತ್ರ ನಿವೃತ್ತಿ.

ಇದಕ್ಕೆ ಮುಂದಿನ ದಶಕದ ಮುದ್ರಿಕೆಗಳೇ ಆಧಾರ. ಕೊಲರಾಡೋಗೆ ಹೋದ ಮೇಲೂ ರೂಸ್ಟ್ ಕಂಪನಿಗೆ ಸಂಗ್ರಹಗಳು ಬಂದವು. 1962ರ ‘ದ ಮ್ಯಾನ್ ವಿತ್ ದ ಬ್ಲೂ ಗಿಟಾರ್’ ಅವುಗಳಲ್ಲಿ ಮುಖ್ಯವಾದದ್ದು. ಇಲ್ಲಿ ಬೇಸ್ ಇಲ್ಲ, ಡ್ರಮ್ಸ್ ಇಲ್ಲ, ಒಂದೇ ಗಿಟಾರ್. ಬ್ರಾಡ್‌ವೇ ಹಾಡುಗಳ ಜೊತೆಗೆ ‘ಶೆನಂಡೋವಾ’ದಂಥ ಜನಪದ ಗೀತೆಯೂ ಇದೆ. ತಾಳವಾದ್ಯದ ಕಟ್ಟು ಇಲ್ಲದ್ದರಿಂದ ಗತಿ ಹಾಡಿನ ಉಸಿರಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಒಳಸ್ವರಗಳ ಚಲನೆ ನಿಚ್ಚಳವಾಗಿ ಕೇಳಿಸುತ್ತದೆ. ಸ್ಮಿತ್ ಅವರ ಕಲೆಯ ಸಾರ ‘ಮೂನ್‌ಲೈಟ್’ಗಿಂತಲೂ ಹೆಚ್ಚು ಪೂರ್ಣವಾಗಿ ಸಿಗುವುದು ಈ ಸಂಗ್ರಹದಲ್ಲಿ. 1967ರ ಸುಮಾರಿಗೆ ವರ್ವ್ ಕಂಪನಿಗಾಗಿ ಪಿಯಾನೊ ವಾದಕ ಹ್ಯಾಂಕ್ ಜೋನ್ಸ್ ಜೊತೆ ಮಾಡಿದ ಮುದ್ರಿಕೆಗಳು ನಯವಾಗಿವೆ. ಆ ಏಕವ್ಯಕ್ತಿ ವಾದನದ ಆಳ ಮಾತ್ರ ಅವಕ್ಕಿಲ್ಲ. 1970ರ ದಶಕದಲ್ಲಿ ಒಬ್ಬರೇ ನುಡಿಸಿದ ಇನ್ನಷ್ಟು ಹಾಡುಗಳು, ಏಳು ತಂತಿಯ ಗಿಟಾರಿನ ಹಿರಿಯ ವಾದಕ ಜಾರ್ಜ್ ವ್ಯಾನ್ ಎಪ್ಸ್ ಅವರ ವಾದನದ ಜೊತೆಗೂಡಿ, 1994ರಲ್ಲಿ ಕಾಂಕರ್ಡ್ ಕಂಪನಿಯ ‘ಲೆಜೆಂಡ್ಸ್’ ಹೆಸರಿನಲ್ಲಿ ಹೊರಬಂದವು. ಇಬ್ಬರೂ ಗಿಟಾರನ್ನು ಸ್ವಯಂಪೂರ್ಣ ವಾದ್ಯವೆಂದು ಕಂಡವರು. ವ್ಯಾನ್ ಎಪ್ಸ್ ತಂತಿ ಹೆಚ್ಚಿಸಿ ಸಾಧಿಸಿದ್ದನ್ನು ಸ್ಮಿತ್ ಬೆರಳು ಚಾಚಿ ಸಾಧಿಸಿದರು.

ಗಾಯಕ ಬಿಂಗ್ ಕ್ರಾಸ್ಬಿ 1977ರಲ್ಲಿ ತಮ್ಮ ಇಂಗ್ಲೆಂಡ್ ಪ್ರವಾಸಕ್ಕೆ ಸ್ಮಿತ್ ಅವರನ್ನು ಕರೆದೊಯ್ದರು. ಪಿಯಾನೊ ವಾದಕ ಜೋ ಬುಶ್ಕಿನ್ ನೇತೃತ್ವದ ಪುಟ್ಟ ತಂಡದಲ್ಲಿ ಗಿಟಾರ್ ಅವರದು. ರೇಡಿಯೋ ಯುಗದ ಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ ಗಾಯಕನಿಗೆ ಆ ಗೀತೆಗಳನ್ನೇ ಬದುಕಾಗಿಸಿಕೊಂಡ ವಾದಕ ಜೊತೆಯಾದದ್ದು ಸಹಜವೇ. ಪ್ರವಾಸ ಮುಗಿದ ಕೆಲವೇ ದಿನಗಳಲ್ಲಿ, ಅಕ್ಟೋಬರ್ 14ರಂದು, ಕ್ರಾಸ್ಬಿ ಸ್ಪೇನಿನಲ್ಲಿ ನಿಧನರಾದರು. ಸ್ಮಿತ್ ಕೊಲರಾಡೋಗೆ ಮರಳಿದರು. ಆ ಬಳಿಕ ದೊಡ್ಡ ವೇದಿಕೆಗಳಿಂದ ದೂರವೇ ಉಳಿದರು.

ಸ್ಮಿತ್ ವಾದನದ ಬಗ್ಗೆ ಎತ್ತಬಹುದಾದ ಆಕ್ಷೇಪಗಳಲ್ಲಿ ಹುರುಳಿದೆ. ಒಂದು, ತಪ್ಪಿಲ್ಲದ ನುಣುಪು. ಪ್ರತಿ ಕಾರ್ಡೂ ಅಚ್ಚುಕಟ್ಟು, ಪ್ರತಿ ಓಟವೂ ನಿಖರ. ಹತ್ತು ಹಾಡುಗಳನ್ನು ಒಂದೇ ಸಲ ಕೇಳಿದಾಗ ಈ ಅಚ್ಚುಕಟ್ಟು ಏಕತಾನವಾಗುತ್ತದೆ. ಎರಡು, ಬ್ಲೂಸ್ ಅಂಶದ ಕೊರತೆ. ಸ್ವರವನ್ನು ಎಳೆದು ಬಾಗಿಸುವ, ಒರಟಾಗಿ ಉಚ್ಚರಿಸುವ ಆಫ್ರಿಕನ್-ಅಮೆರಿಕನ್ ಪರಂಪರೆ ಜಾಝ್‌ನ ಬೆನ್ನೆಲುಬು. ಚಾರ್ಲಿ ಕ್ರಿಶ್ಚಿಯನ್‌ನಿಂದ ವೆಸ್ ಮಾಂಟ್‌ಗೊಮರಿಯವರೆಗಿನ ಗಿಟಾರ್ ವಾದಕರಲ್ಲಿ ಅದು ಜೀವಂತವಾಗಿದೆ. ಸ್ಮಿತ್‌ನಲ್ಲಿ ಅದು ತೀರ ತೆಳು. ಮೂರು, ಅಪಾಯಕ್ಕೆ ಒಡ್ಡಿಕೊಳ್ಳದಿರುವುದು. ಮನೋಧರ್ಮದ ಸಂಗೀತದಲ್ಲಿ ವಾದಕ ಎಡವಬಹುದೆಂಬ ಆತಂಕವೇ ಕೇಳುಗನನ್ನು ಹಿಡಿದಿಡುತ್ತದೆ. ಸ್ಮಿತ್ ಕೈಯಲ್ಲಿ ಆ ಆತಂಕ ಹುಟ್ಟುವುದೇ ಇಲ್ಲ. ಕೆಲವು ಸಂಗ್ರಹಗಳು, ವಿಶೇಷವಾಗಿ ಆಯಾ ಕಾಲದ ನಾಟಕದ ಯಶಸ್ಸಿಗೆ ಹೊಂದಿಸಿ ಮಾಡಿದಂಥವು, ಹಿನ್ನೆಲೆಯಲ್ಲಿ ಕೇಳಿ ಮರೆಯುವ ಸಂಗೀತದ ಮಟ್ಟದಲ್ಲೇ ನಿಲ್ಲುತ್ತವೆ.

ಈ ಆಕ್ಷೇಪಗಳು ಸರಿಯಾದರೂ ಅವು ಸ್ಮಿತ್ ಅವರನ್ನು ಅಳೆಯುವುದು ಅವರು ಕೈಹಾಕದ ಕೆಲಸದಿಂದ. ಜಾಝ್ ವಾದಕ ಎಂಬ ಒಂದೇ ಹಣೆಪಟ್ಟಿಗೆ ಅವರು ತಮ್ಮನ್ನು ಒಪ್ಪಿಸಿಕೊಂಡವರಲ್ಲ. ಅವರ ಸೃಜನಶೀಲತೆ ಧಾಟಿಯನ್ನು ಬಿಟ್ಟು ಹೊರಡುವುದರಲ್ಲಿಲ್ಲ, ಧಾಟಿಯ ಕೆಳಗಿನ ಸ್ವರಗಳನ್ನು ಆರಿಸುವುದರಲ್ಲಿದೆ. ಸಾವಿರ ಸಲ ಕೇಳಿದ ಹಾಡಿನ ಒಂದು ಸ್ವರದ ಕೆಳಗೆ ನಿರೀಕ್ಷಿಸದ ಕಾರ್ಡು ಬಂದಾಗ ಅದೇ ಸ್ವರ ಬೇರೆಯ ಅರ್ಥ ಪಡೆಯುತ್ತದೆ. ಕರ್ತೃ ಸುಳಿವು ಕೊಟ್ಟು ಬಿಟ್ಟದ್ದನ್ನು ವಾದಕ ಬಿಡಿಸಿ ತೋರಿಸಿದಂತಾಗುತ್ತದೆ. ಅದು ಕಾವ್ಯಕ್ಕೆ ಒಳ್ಳೆಯ ವ್ಯಾಖ್ಯಾನಕಾರ ಮಾಡುವ ಕೆಲಸ. ಆ ಅರ್ಥದಲ್ಲಿ ಸ್ಮಿತ್ ಈ ಗೀತೆಗಳ ಅತ್ಯುತ್ತಮ ವಿಮರ್ಶ‌ಕರಲ್ಲಿ ಒಬ್ಬರು. ವೈಲ್ಡರ್ ಪುಟಗಳಲ್ಲಿ ವಿವರಿಸಿದ್ದನ್ನು ಅವರು ತಂತಿಯ ಮೇಲೆ ವಿವರಿಸಿದರು.

ಪ್ರಭಾವ ನಿಧಾನವಾಗಿ ಹರಡಿತು. ಡೆನ್ವರ್‌ನಲ್ಲಿ ಬೆಳೆದ ಬಿಲ್ ಫ್ರಿಸೆಲ್ ಯುವಕನಾಗಿದ್ದಾಗ ಕೊಲರಾಡೋದಲ್ಲಿ ಸ್ಮಿತ್ ಬಳಿ ಸ್ವಲ್ಪ ಕಾಲ ಕಲಿತರು. ಮುಂದೆ ಜನಪ್ರಿಯ ಗೀತೆ, ಜನಪದ ಧಾಟಿಗಳನ್ನು ಬಿಡುವುಗಳಿಂದಲೇ ಬೆಳಗಿಸುವ ಗಿಟಾರ್ ವಾದಕರಾಗಿ ಪ್ರಸಿದ್ಧರಾದರು. ಸ್ಮಿತ್‌ಗಿಂತ ಎರಡು ತಲೆಮಾರು ಚಿಕ್ಕವರಾದ, ಪ್ರಯೋಗಶೀಲ ವಾದನಕ್ಕೆ ಹೆಸರಾದ ಮೇರಿ ಹಾಲ್ವರ್ಸನ್ ಜೊತೆಗೂಡಿ ಫ್ರಿಸೆಲ್ 2018ರಲ್ಲಿ ಜ಼ಾಡಿಕ್ ಕಂಪನಿಗಾಗಿ ‘ದ ಮೇಡ್ ವಿತ್ ದ ಫ್ಲ್ಯಾಕ್ಸನ್ ಹೇರ್’ ಎಂಬ ಗೌರವ ಸಂಗ್ರಹ ತಂದರು. ಸ್ಮಿತ್ ನುಡಿಸಿದ ಹಾಡುಗಳೇ ಅದರಲ್ಲಿವೆ. ಹಾಲ್ವರ್ಸನ್ ಸ್ವರಗಳನ್ನು ವಕ್ರಗೊಳಿಸಿ ನುಡಿಸಿದರೂ ಹಾಡುಗಳು ಮುಕ್ಕಾಗುವುದಿಲ್ಲ. ಈ ಗೀತೆಗಳು ಸ್ಮಿತ್ ಅವರ ನುಣುಪನ್ನೂ ಹೊಸ ತಲೆಮಾರಿನ ಒರಟನ್ನೂ ತಾಳಿಕೊಳ್ಳುತ್ತವೆ ಎಂಬುದನ್ನು ಆ ಸಂಗ್ರಹ ಸಾಬೀತುಪಡಿಸುತ್ತದೆ. ಇದಕ್ಕೂ ಮೊದಲು, 2002ರಲ್ಲಿ, ಮೊಸಾಯಿಕ್ ಕಂಪನಿ ರೂಸ್ಟ್ ಕಾಲದ ತಂಡವಾದನಗಳನ್ನೆಲ್ಲ ಎಂಟು ಸಿಡಿಗಳಲ್ಲಿ ಒಟ್ಟುಗೂಡಿಸಿತ್ತು. 1998ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಅವರಿಗೆ ಜೇಮ್ಸ್ ಸ್ಮಿತ್‌ಸನ್ ದ್ವಿಶತಮಾನೋತ್ಸವ ಪದಕ ನೀಡಿತು. 2013ರ ಜೂನ್ 11ರಂದು, ತೊಂಬತ್ತು ವರ್ಷದ ಸ್ಮಿತ್ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲೇ ಕೊನೆಯುಸಿರೆಳೆದರು.

ಒಟ್ಟಾರೆ ನೋಡಿದರೆ ಸ್ಮಿತ್ ಅವರ ಕೊಡುಗೆ ಮೂರು ಬಗೆಯದು. ಒತ್ತು ಕಾರ್ಡುಗಳನ್ನು ನಾದ ಕಡಿಯದೆ ನುಡಿಸುವ ಕ್ರಮದಿಂದ ಗಿಟಾರಿನ ಸಾಮರ್ಥ್ಯ ಹಿಗ್ಗಿತು. ‘ವಾಕ್, ಡೋಂಟ್ ರನ್’ನಿಂದ ಜನಪ್ರಿಯ ವಾದ್ಯಸಂಗೀತಕ್ಕೆ ಬಾಳಿಕೆಯ ಧಾಟಿಯೊಂದು ಸೇರಿತು. ಮೂರನೆಯದು ಮೌಲ್ಯದ ಮಾತು. ಜನರು ಗುನುಗುವ ಹಾಡು ಸುಲಭದ ಸಂಗೀತವೆಂಬ ತಪ್ಪು ತಿಳಿವಳಿಕೆಯನ್ನು ಅವರ ವಾದನ ತಿದ್ದುತ್ತದೆ. ವರ್ಷಗಟ್ಟಲೆ ಅಭ್ಯಾಸ ಬೇಡುವ ಕೈಚಳಕವನ್ನು ಅವರು ಮೂರು ನಿಮಿಷದ ಗೀತೆಗೆ ಹಿಂಜರಿಯದೆ ಕೊಟ್ಟರು, ಆ ಗೀತೆ ಅಷ್ಟಕ್ಕೂ ಅರ್ಹವೆಂದು ನಂಬಿದ್ದರು. ಅವರ ಉತ್ತಮ ಮುದ್ರಿಕೆಗಳನ್ನು ಕೇಳಿದವರಿಗೆ ಆ ನಂಬಿಕೆ ಸರಿಯೆಂದು ಮನವರಿಕೆಯಾಗುತ್ತದೆ.